ಸುದ್ದಿ ಓದುವವರಿಗೂ ಒಂದು ಊರಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ಟಿವಿ ವರದಿಗಾರರ ಮೇಲೆ ಸಿಟ್ಟಾಗಿದ್ದರು. ಜಿಲ್ಲೆಗಳಿಂದ ಮಾತಾಡುವ ವರದಿಗಾರರು ತಮ್ಮ ಸೀಮೆಯ ರಾಗ ಬಿಟ್ಟು ಶುದ್ಧ ಕನ್ನಡ ಆಡಬೇಕಂತೆ. ‘ಮಳಿ ಜೋರ ಆಗೇತಿ’ ಅಂದರೆ ಮೈಸೂರು ಕಡೆಯವರಿಗೆ ಅರ್ಥವಾಗುವುದಿಲ್ಲವಂತೆ. ನಾನು ಈಗ ಇರುವುದು ಮೈಸೂರಿನಲ್ಲೇ. ಪಕ್ಕದ ಮನೆಯವರು ಹುಟ್ಟಿದ್ದು ನಂಜನಗೂಡು, ಎದುರು ಮನೆಯವರದು ಶ್ರೀರಂಗಪಟ್ಟಣ. ಇಬ್ಬರನ್ನೂ ಕೇಳಿದೆ. ಇಬ್ಬರಿಗೂ ಅರ್ಥವಾಯಿತು. ಮಳೆಯನ್ನು ಮಳಿ ಅಂದ ತಕ್ಷಣ ಅದು ಮೇಲಿನಿಂದ ಬೇರೆ ಏನಾದರೂ ಆಗಿ ಸುರಿಯುತ್ತದೆಯೇ?

ಈ ವಿಷಯದಲ್ಲಿ ಮಾತಾಡಲು ನನಗೆ ಸ್ವಲ್ಪ ಹಕ್ಕಿದೆ ಅಂದುಕೊಂಡು ಬರೆಯುತ್ತಿದ್ದೇನೆ. ನಾನು ಟೆಲಿಫೋನ್ ಆಪರೇಟರ್ ಆಗಿ ನಿವೃತ್ತಳಾದವಳು. ಹುಟ್ಟೂರು ಗದಗ. 1978ರಲ್ಲಿ ಹುಬ್ಬಳ್ಳಿಯ ಟ್ರಂಕ್ ಬೋರ್ಡಿನ ಮುಂದೆ ಕೂತೆ. ಮದುವೆಯಾದ ಮೇಲೆ ಮಂಗಳೂರಿಗೆ ವರ್ಗ, ಆಮೇಲೆ ಮೈಸೂರು. ಈಗಿನ ಮಕ್ಕಳಿಗೆ ಟ್ರಂಕ್ ಕಾಲ್ ಅಂದರೆ ಏನೆಂದು ಗೊತ್ತಿಲ್ಲ. ಬೇರೆ ಊರಿಗೆ ಮಾತಾಡಬೇಕಾದರೆ ಮೊದಲು ನಮಗೆ ಫೋನ್ ಮಾಡಿ ಬುಕ್ ಮಾಡಬೇಕಿತ್ತು. ನಾವು ಚೀಟಿ ಬರೆದು, ಸಾಲಿನಲ್ಲಿ ಇಟ್ಟು, ಲೈನ್ ಸಿಕ್ಕಾಗ ಎರಡೂ ಕಡೆ ಕೂಡಿಸುತ್ತಿದ್ದೆವು. ಆರ್ಡಿನರಿ, ಅರ್ಜೆಂಟ್, ಎಲ್ಲಕ್ಕಿಂತ ದುಬಾರಿ ಲೈಟ್ನಿಂಗ್. ಮೂರು ನಿಮಿಷ ಆದ ಕೂಡಲೇ ಮಧ್ಯೆ ಬಾಯಿ ಹಾಕಿ ‘ಮುಂದುವರಿಸಬೇಕಾ’ ಅಂತ ಕೇಳುವ ಕೆಲಸವೂ ನಮ್ಮದೇ. ಆಗ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ.

ಹೀಗೆ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು, ಮುಖ ನೋಡದೆ, ರಾಜ್ಯದ ಮೂಲೆ ಮೂಲೆಯ ದನಿ ಕೇಳಿದವರು ನಾವು. ನನ್ನ ಜೊತೆಯ ಹಿರಿಯ ಆಪರೇಟರುಗಳು ‘ಹಲೋ’ ಆದ ಮೇಲೆ ಒಂದು ವಾಕ್ಯ ಕೇಳಿಯೇ ತಾಲ್ಲೂಕು ಹೇಳಿಬಿಡುತ್ತಿದ್ದರು. ಬರಬರುತ್ತಾ ನನಗೂ ಅದು ಬಂತು.

ಜನ ಸಾಮಾನ್ಯವಾಗಿ ಸೀಮೆಯ ಕನ್ನಡ ಅಂದರೆ ಪದಗಳು ಅಂದುಕೊಳ್ಳುತ್ತಾರೆ. ‘ಮಾರಾಯ್ರೆ’ ಅಂದರೆ ಮಂಗಳೂರು, ‘ಲಗೂ’ ಅಂದರೆ ಧಾರವಾಡ, ‘ವಸಿ’ ಅಂದರೆ ಮಂಡ್ಯ, ಅಷ್ಟೇ. ಆದರೆ ಊರು ಗೊತ್ತಾಗುವುದು ಹೆಚ್ಚಾಗಿ ಪದದಿಂದ ಅಲ್ಲ, ಸ್ವರದಿಂದ. ಪೇಟೆ ಅನ್ನುವ ಒಂದು ಮಾತು ತೆಗೆದುಕೊಳ್ಳಿ. ಮಂಗಳೂರಿನವರು ಪೇಟೆ ಅಂತ ಪುಸ್ತಕದಲ್ಲಿ ಇದ್ದ ಹಾಗೇ ಪೂರ್ತಿ ಅನ್ನುತ್ತಾರೆ. ಮಂಡ್ಯದ ಹಳ್ಳಿಯವರಿಗೆ ಅದು ಪ್ಯಾಟೆ. ಹುಬ್ಬಳ್ಳಿ ದಾಟಿದರೆ ಪ್ಯಾಟಿ. ನಮ್ಮ ಕಡೆ ಕೊನೆಯ ‘ಎ’ ಉಳಿಯುವುದೇ ಕಡಿಮೆ. ಮನಿ, ಮಳಿ, ಬೆಳಿ, ಎಲ್ಲವೂ ‘ಇ’ಗೆ ಹೋಗಿ ನಿಲ್ಲುತ್ತವೆ. ಕುಂದಾಪುರದವರು ಕೊನೆಯ ‘ಉ’ವನ್ನು ಕತ್ತರಿಸಿ ಎಸೆದುಬಿಡುತ್ತಾರೆ. ಮಾಡುವುದು ಅನ್ನುವುದು ಅವರ ಬಾಯಲ್ಲಿ ‘ಮಾಡುದ್’ ಆಗಿ ಟಕ್ ಅಂತ ನಿಲ್ಲುತ್ತದೆ. ಮೈಸೂರಿನವರು ನಡುವಿನ ಸ್ವರ ನುಂಗುತ್ತಾರೆ. ಕೆಲಸ ಕೆಲ್ಸ ಆಗುತ್ತದೆ, ಹೋಗುತ್ತದೆ ಹೋಗತ್ತೆ ಆಗುತ್ತದೆ. ಮಂಗಳೂರಿನವರು ಅಷ್ಟಾಗಿ ನುಂಗುವುದಿಲ್ಲ. ‘ಎಷ್ಟು ಹೊತ್ತು ಆಗ್ತದೆ ಮೇಡಂ?’ ಅನ್ನುವಾಗ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಗೊರಗೊರ ಅನ್ನುವ ಕೆಟ್ಟ ಲೈನಿನಲ್ಲಿ ನಂಬರ್ ಬರೆದುಕೊಳ್ಳುವುದಕ್ಕೆ ಅವರಷ್ಟು ಅನುಕೂಲದ ಗ್ರಾಹಕರು ಬೇರೆ ಇರಲಿಲ್ಲ.

ಅದಕ್ಕೆ ಕಾರಣವೂ ಇದೆ. ಅಲ್ಲಿ ಬಹಳ ಜನರ ಮನೆಮಾತು ತುಳು, ಕೊಂಕಣಿ, ಇಲ್ಲವೇ ಬ್ಯಾರಿ. ಕನ್ನಡ ಕಲಿತದ್ದು ಶಾಲೆಯಲ್ಲಿ, ಪುಸ್ತಕದಿಂದ. ಹಾಗಾಗಿ ಪುಸ್ತಕದ ಕನ್ನಡಕ್ಕೆ ಅವರ ಮಾತು ಹತ್ತಿರ. ತಮಾಷೆ ನೋಡಿ, ಬರಹಕ್ಕೆ ಇಷ್ಟು ಹತ್ತಿರ ಇರುವ ಕನ್ನಡವನ್ನೇ ನಮ್ಮ ಕಾಮಿಡಿ ಷೋಗಳಲ್ಲಿ ಹೆಚ್ಚು ಅಣಕಿಸುತ್ತಾರೆ. ಶುದ್ಧ ಕನ್ನಡವೇ ಬೇಕು ಅನ್ನುವವರು ಮೊದಲು ಮಂಗಳೂರಿನವರ ಹತ್ತಿರ ಪಾಠ ಹೇಳಿಸಿಕೊಳ್ಳಬೇಕಾಗುತ್ತದೆ. ಅದಕ್ಕೆ ಯಾರೂ ತಯಾರಿಲ್ಲ ಅಂತ ಕಾಣುತ್ತದೆ.

ಹುಬ್ಬಳ್ಳಿಯಲ್ಲಿ ನಮಗೆ ವ್ಯಾಪಾರಿಗಳ ಕಾಲ್ ಜಾಸ್ತಿ. ಗದಗಿನ ಹತ್ತಿ, ಬ್ಯಾಡಗಿಯ ಮೆಣಸಿನಕಾಯಿ. ದರ ಕೇಳಲು ಬೆಳಗ್ಗೆಯೇ ಸಾಲು ಹಚ್ಚುತ್ತಿದ್ದರು. ‘ಏನ್ರೀ ಅಕ್ಕಾರ, ಬ್ಯಾಡಗಿ ಲೈನ್ ಸಿಗಲಿಲ್ಲೇನ್ರಿ ಇನ್ನಾ?’ ಅನ್ನುವ ಆ ‘ರಿ’ ಇದೆಯಲ್ಲ, ಅದರ ಮೇಲೇ ಅವರ ಆ ದಿನದ ಮನಸ್ಸು ತಿಳಿಯುತ್ತಿತ್ತು. ಮೇಲಕ್ಕೆ ಎಳೆದರೆ ಸಲಿಗೆ, ಗಿಡ್ಡಕ್ಕೆ ಮುರಿದರೆ ಸಿಟ್ಟು. ಸೊಲ್ಲಾಪುರ, ಅಕ್ಕಲಕೋಟ ಕಡೆಯಿಂದಲೂ ಕನ್ನಡದವರು ಮಾತಾಡುತ್ತಿದ್ದರು. ಅವರದು ಕನ್ನಡವೇ, ರಾಗ ಮಾತ್ರ ಮರಾಠಿಯದು. ಕಲಬುರಗಿಯವರ ಮಾತು ಬೇರೆಯೇ. ನಾವು ಹುಬ್ಬಳ್ಳಿಯಲ್ಲಿ ‘ಮಾಡಾಕತ್ತೀನಿ’ ಅಂದರೆ ಅವರು ‘ಮಾಡ್ಲಕತ್ತೀನಿ’ ಅನ್ನುತ್ತಾರೆ, ನಡುನಡುವೆ ಒಂದೆರಡು ಉರ್ದು ಮಾತು ಬೆರೆಸುತ್ತಾರೆ. ಬೆಂಗಳೂರಿನಲ್ಲಿ ಕೂತವರಿಗೆ ಇದೆಲ್ಲ ಒಂದೇ ‘ಉತ್ತರ ಕರ್ನಾಟಕ ಭಾಷೆ’. ಧಾರವಾಡದಲ್ಲೇ ಒಂದು ಓಣಿಯಲ್ಲಿ ‘ಐತಿ’ ಅಂದರೆ ಇನ್ನೊಂದು ಓಣಿಯಲ್ಲಿ ‘ಅದ’ ಅನ್ನುತ್ತಾರೆ. ಅದರಿಂದ ಜಾತಿಯನ್ನೂ ಗುರುತಿಸುತ್ತಾರೆ. ಈ ಮಾತು ಹೇಳಲು ಹಿತವಲ್ಲ, ಆದರೆ ನಿಜ.

ಮಂಗಳೂರಿಗೆ ಹೋದಾಗ ಹೊಸ ಲೋಕ. ಮುಂಬೈಯಲ್ಲಿ ಹೋಟೆಲ್ ಇಟ್ಟವರ ಮನೆಗಳಿಗೆ ಕಾಲ್ ಹೆಚ್ಚು. ಪಿಪಿ ಕಾಲ್ ಅಂತ ಒಂದಿತ್ತು. ಕೇಳಿದ ವ್ಯಕ್ತಿಯೇ ಫೋನಿಗೆ ಬಂದರೆ ಮಾತ್ರ ಕೂಡಿಸಬೇಕು. ಹಾಸನ ಕಡೆಯಿಂದ ಹೊಸದಾಗಿ ಬಂದಿದ್ದ ನನ್ನ ಸಹೋದ್ಯೋಗಿ ಒಬ್ಬಳು ಕುಂದಾಪುರದ ಅಂಗಡಿಯೊಂದಕ್ಕೆ ಲೈನ್ ಹಾಕಿ ‘ಶೆಟ್ಟರು ಇದ್ದಾರಾ’ ಅಂತ ಕೇಳಿದಳು. ಆ ಕಡೆಯಿಂದ ‘ಇದ್ರ್, ಇದ್ರ್’ ಅಂದರು. ಇವಳು ‘ಇದ್ದರು, ಈಗ ಹೋದರು’ ಅಂದುಕೊಂಡು ಪಾರ್ಟಿ ಇಲ್ಲ ಅಂತ ಚೀಟಿಯಲ್ಲಿ ಬರೆದು ಕಾಲ್ ಬಿಟ್ಟಳು. ಶೆಟ್ಟರು ಫೋನಿನ ಪಕ್ಕದಲ್ಲೇ ಕೂತಿದ್ದರು! ಕುಂದಾಪುರದಲ್ಲಿ ಇದ್ರ್ ಅಂದರೆ ಇದ್ದಾರೆ, ಇತ್ತ್ ಅಂದರೆ ಇದೆ. ಮುಂಬೈ ಕಡೆಯವರು ಮತ್ತೆ ಬುಕ್ ಮಾಡಿದಾಗ ಎಲ್ಲ ಬಯಲಾಯಿತು. ಶೆಟ್ಟರು ಬೈಯಲಿಲ್ಲ. ಹ್ವಾಯ್ ಅಂತ ಜೋರಾಗಿ ನಕ್ಕು, ಅವಳ ಊರು ಕೇಳಿ, ಫೋನಿನಲ್ಲೇ ಪಾಠ ಮಾಡಿದರು. ಅವಳು ಆಮೇಲೆ ಕುಂದಾಪುರದವರಿಗಿಂತ ಚೆನ್ನಾಗಿ ಕುಂದಾಪ್ರ ಕನ್ನಡ ಆಡುತ್ತಿದ್ದಳು.

ನಿಮ್ಮ ಪತ್ರಲೇಖಕರು ಇದನ್ನೇ ಹಿಡಿದುಕೊಂಡು ‘ನೋಡಿ, ಗೊಂದಲ ಆಗುತ್ತದೆ’ ಅನ್ನಬಹುದು. ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಸಲ ಕೇಳಿ ತಿಳಿದರೆ ಮುಗಿಯಿತು. ಒಂದು ಸಲವೂ ಕೇಳಿಸದ ಹಾಗೆ ಎಲ್ಲರನ್ನೂ ಒಂದೇ ರಾಗಕ್ಕೆ ತಿದ್ದಿಬಿಟ್ಟರೆ ಯಾರಿಗೆ ಯಾರ ಮಾತೂ ತಿಳಿಯದ ಕಾಲ ಬೇಗ ಬರುತ್ತದೆ.

ಮೈಸೂರಿಗೆ ಬಂದಾಗ ನನ್ನ ಮಾತು ಒರಟು ಅಂದರು. ‘ಬರ್ರಿ, ಕೂಡ್ರಿ’ ಅಂದರೆ ಆರ್ಡರ್ ಮಾಡಿದ ಹಾಗೆ ಕೇಳುತ್ತದಂತೆ. ನಮ್ಮ ಗದಗಿನ ಅತ್ತಿಗೆ ಇಲ್ಲಿಗೆ ಬಂದಾಗ ಪಕ್ಕದ ಮನೆಯವರು ‘ಬನ್ನಿ, ಕೂತ್ಕೊಳ್ಳಿ, ಕಾಫಿ ತಗೋತೀರಾ?’ ಅಂತ ಮೆಲ್ಲಗೆ ಕೇಳಿದರು. ಅತ್ತಿಗೆ ಆಮೇಲೆ ನನ್ನ ಕಿವಿಯಲ್ಲಿ ‘ಇಷ್ಟ ಸಣ್ಣ ದನ್ಯಾಗ ಕೇಳ್ತಾರ, ಕೊಡೂ ಮನಸ ಐತೋ ಇಲ್ಲೋ?’ ಅಂದಳು. ಕಾಫಿ ಬಂತು, ಜೊತೆಗೆ ಚಕ್ಕುಲಿಯೂ ಬಂತು.

ಚಾಮರಾಜನಗರ, ಕೊಳ್ಳೇಗಾಲದ ದನಿಗಳನ್ನು ನಾನು ಕೇಳಿದ್ದು ಇಲ್ಲಿಗೆ ಬಂದ ಮೇಲೆ. ‘ಅಕ್ಕೋ, ವಸಿ ಬೇಗ ಲೈನ್ ಕೊಡವ್ವ, ಆಸ್ಪತ್ರೇಲಿ ಅವ್ರೆ ಕನಾ’ ಅಂತ ಒಬ್ಬರು ಕೇಳಿದ್ದು ಇನ್ನೂ ನೆನಪಿದೆ. ಆ ‘ಕೊಡವ್ವ’ ಕೇಳಿದ ಮೇಲೆ ಸಾಲು, ಸರದಿ ಅಂತ ಹೇಳಲು ಬಾಯಿ ಬರುವುದಿಲ್ಲ. ನಿಯಮ ಏನೇ ಇರಲಿ, ಕೈ ತಾನಾಗಿ ಬೋರ್ಡಿನ ವೈರ್ ಎಳೆದು ಚುಚ್ಚುತ್ತದೆ.

ಎಲ್ಲರಿಗಿಂತ ಹೆಚ್ಚು ಅವಮಾನ ಆಗುವುದು ಈ ಕಡೆಯ ಹಳ್ಳಿಯವರಿಗೇ. ಯಾಕೆಂದರೆ ಅವರು ಹಾಲನ್ನು ಆಲು ಅನ್ನುತ್ತಾರೆ, ಹೋಗು ಅನ್ನುವುದನ್ನು ಓಗು ಅನ್ನುತ್ತಾರೆ. ‘ಅಕ್ಕಿಯೋ ಹಕ್ಕಿಯೋ ಸರಿಯಾಗಿ ಹೇಳು’ ಅಂತ ಕ್ಲಾಸಿನಲ್ಲಿ ನಿಲ್ಲಿಸಿ ನಗಿಸುವ ಮೇಷ್ಟ್ರುಗಳು ಈಗಲೂ ಇದ್ದಾರೆ. ಹನೂರು ಕಡೆಯಿಂದ ಬಂದು ನಮ್ಮ ಬೀದಿಯ ಹಾಸ್ಟೆಲಿನಲ್ಲಿ ಇರುವ ಹುಡುಗಿಯೊಬ್ಬಳು ಸೆಮಿನಾರ್ ಅಂದರೆ ಜ್ವರ ಬಂದವಳ ಹಾಗೆ ಆಗುತ್ತಾಳೆ. ವಿಷಯ ಗೊತ್ತಿಲ್ಲ ಅಂತಲ್ಲ. ‘ಹ’ ಎಲ್ಲಿ ತಪ್ಪುತ್ತದೋ ಅಂತ ಭಯ. ಅವಳಿಗೆ ನಾನು ಹೇಳಿದ್ದು ಇಷ್ಟು: ಪಂಪನ ಕಾಲದಲ್ಲಿ ಹಾಲು ‘ಪಾಲ್’ ಆಗಿತ್ತು, ಹೋಗು ‘ಪೋಗು’ ಆಗಿತ್ತು, ಹೂವು ‘ಪೂ’ ಆಗಿತ್ತು. ತುಳುವಿನಲ್ಲಿ ಇವತ್ತಿಗೂ ಹೂವು ಪೂ. ‘ಪ’ವನ್ನು ಬಿಟ್ಟು ‘ಹ’ ಹಿಡಿದವರು ನಾವೆಲ್ಲ. ನಿಮ್ಮ ಕಡೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಪಂಪ ಬಂದು ಕೇಳಿದರೆ ನಮ್ಮ ಶುದ್ಧ ಕನ್ನಡವೂ ಅವನಿಗೆ ತೊದಲಾಗಿಯೇ ಕೇಳುತ್ತದೆ. ಹುಡುಗಿ ನಕ್ಕಳು. ಭಯ ಹೋಯಿತು ಅಂತ ಹೇಳಲಾರೆ.

ಈ ರಾಗಗಳೆಲ್ಲ ಇಷ್ಟು ಬೇರೆ ಯಾಕೆ ಅಂದರೆ, 1956ರ ನವೆಂಬರ್ 1ರ ತನಕ ನಾವು ಒಂದೇ ಮನೆಯಲ್ಲಿ ಇರಲಿಲ್ಲ. ಧಾರವಾಡ, ಬೆಳಗಾವಿ ಮುಂಬೈ ಆಡಳಿತದಲ್ಲಿ, ಕಲಬುರಗಿ, ಬೀದರ್ ಹೈದರಾಬಾದಿನಲ್ಲಿ, ಮಂಗಳೂರು ಮದ್ರಾಸಿನಲ್ಲಿ, ಮೈಸೂರಿನದು ಬೇರೆಯೇ ರಾಜ್ಯ. ಕಚೇರಿಯ ಮಾತು, ಸಂತೆಯ ಮಾತು, ಶಾಲೆಯ ಮಾತು ಎಲ್ಲ ಬೇರೆ ಬೇರೆ. ಒಂದಾದ ಮೇಲೆ ಪಠ್ಯಪುಸ್ತಕ ಒಂದಾಯಿತು, ಸರಿ. ಬಾಯಿ ಯಾಕೆ ಒಂದಾಗಬೇಕು?

ಸೀಮೆಯ ಮಾತು ಚಂದ ಅಂತ ಈಗೀಗ ಎಲ್ಲರೂ ಹೇಳುತ್ತಾರೆ. ಸಿನಿಮಾಗಳಲ್ಲೂ ಕರಾವಳಿಯ, ಹುಬ್ಬಳ್ಳಿಯ ಮಾತು ಓಡುತ್ತದೆ. ಮೊಬೈಲಿನಲ್ಲಿ ರೀಲ್ಸ್ ನೋಡಿದರೆ ತುಂಬಾ ಇದೇ. ಕುಂದಾಪುರದವರಂತೂ ಆಸಾಡಿ ಅಮಾಸೆಯ ದಿನ ತಮ್ಮ ಮಾತಿಗೇ ಒಂದು ಹಬ್ಬ ಮಾಡುತ್ತಾರೆ, ಅದು ನನಗೆ ಬಹಳ ಇಷ್ಟ. ಆದರೆ ಸಿನಿಮಾ, ಸೀರಿಯಲ್‌ಗಳನ್ನು ಸ್ವಲ್ಪ ಗಮನಿಸಿ ನೋಡಿ. ಧಾರವಾಡದ ಮಾತು ಆಡುವವನು ಹೆಚ್ಚಾಗಿ ಅಡುಗೆಯವನು, ಇಲ್ಲ ಪೆದ್ದ ಪೊಲೀಸ್. ಮಂಡ್ಯದ ಮಾತು ಆಡುವವನು ಕುಡುಕ, ಇಲ್ಲ ರೌಡಿ. ಡಾಕ್ಟರು, ಜಡ್ಜು, ನಾಯಕಿಯ ಅಪ್ಪ, ಇವರೆಲ್ಲ ಬೆಂಗಳೂರು ಬಡಾವಣೆಯ ಕನ್ನಡದವರು. ನಮ್ಮ ಹುಬ್ಬಳ್ಳಿ, ಬೆಳಗಾವಿ ಕಡೆಯ ಕೆಎಲ್‌ಇ, ಕಿಮ್ಸ್‌ನಂಥ ಆಸ್ಪತ್ರೆಗಳಲ್ಲಿ ‘ಎಲ್ಲಿ ನೋಯ್ತೈತಿ ಯವ್ವಾ?’ ಅಂತ ಕೇಳುವ ದೊಡ್ಡ ದೊಡ್ಡ ಡಾಕ್ಟರುಗಳನ್ನು ನಾನು ಕಂಡಿದ್ದೇನೆ. ತೆರೆಯ ಮೇಲೆ ಅಂಥವರು ಬಲು ಅಪರೂಪ. ನಗಿಸುವುದಕ್ಕೆ ಮಾತ್ರ ಬೇಕು, ನಂಬುವುದಕ್ಕೆ ಬೇಡ ಅನ್ನುವ ಪ್ರೀತಿ ನನಗೆ ಬೇಡ. ಇದೇ ನನ್ನ ತಕರಾರು.

ಅಣಕಿಸುವವರಿಗೆ ರಾಗ ಬರುವುದೂ ಇಲ್ಲ. ಪ್ರತಿ ವಾಕ್ಯಕ್ಕೆ ಒಂದು ‘ಮಾರಾಯ್ರೆ’ ಸೇರಿಸಿದರೆ ಮಂಗಳೂರು ಆಗುವುದಿಲ್ಲ. ಎಲ್ಲದಕ್ಕೂ ‘ರೀ’ ಹಚ್ಚಿ, ದನಿ ಏರಿಸಿದರೆ ಧಾರವಾಡ ಆಗುವುದಿಲ್ಲ. ಅದು ಜಾತ್ರೆಯಲ್ಲಿ ಮಾರುವ ಮುಖವಾಡ. ಆ ಊರಿನವರು ಅದನ್ನು ಕೇಳಿದರೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ ಮುಖ ಮಾಡುತ್ತಾರೆ.

ಇನ್ನೊಂದು ಹೊಸ ತಾಪತ್ರಯ. ಗದಗಿನಲ್ಲಿರುವ ನನ್ನ ತಮ್ಮನ ಎಟಿಎಂ ಕಾರ್ಡ್ ಕಳೆಯಿತು. ಅವನ ಬ್ಯಾಂಕಿಗೆ ಫೋನ್ ಮಾಡಿದರೆ ಮನುಷ್ಯರು ಸಿಗುವುದಿಲ್ಲ, ಯಂತ್ರ ಮಾತಾಡುತ್ತದೆ. ‘ದಯವಿಟ್ಟು ನಿಮ್ಮ ಸಮಸ್ಯೆಯನ್ನು ಹೇಳಿ’ ಅಂತ ಕೇಳಿತು. ಇವನು ‘ನನ್ನ ಎಟಿಎಂ ಕಾರ್ಡ ಕಳದೈತ್ರಿ’ ಅಂದ. ‘ಕ್ಷಮಿಸಿ, ಅರ್ಥವಾಗಲಿಲ್ಲ’ ಅಂತು. ಮತ್ತೆ ಹೇಳಿದ, ದನಿ ಏರಿಸಿ ಹೇಳಿದ. ಅದೇ ಉತ್ತರ. ಕೊನೆಗೆ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಹಳೆಯ ರೇಡಿಯೊ ವಾರ್ತೆಯವರ ಹಾಗೆ ‘ನನ್ನ ಎಟಿಎಂ ಕಾರ್ಡು ಕಳೆದುಹೋಗಿದೆ’ ಅಂದನಂತೆ. ಆಗ ಯಂತ್ರ ಒಪ್ಪಿತು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಅವನ ದುಡ್ಡು, ಅವನ ಕಾರ್ಡು, ಅವನ ಊರಿನ ಬ್ಯಾಂಕು. ನಾಟಕ ಆಡಿದರೆ ಮಾತ್ರ ಕೆಲಸ ಆಗುತ್ತದೆ ಅಂದರೆ ಹೇಗೆ?

ಇದನ್ನು ಸರಿಮಾಡಲು ಆಗುವುದಿಲ್ಲ ಅಂತಲ್ಲ. ಯಂತ್ರಕ್ಕೂ ಕಿವಿ ಪಳಗಬೇಕು, ನಮಗೆ ಪಳಗಿದ ಹಾಗೇ. ಅದಕ್ಕೆ ಎಲ್ಲ ಕಡೆಯ ಮಾತನ್ನೂ ಕೇಳಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ರೆಕಾರ್ಡ್ ಮಾಡಿ ಕೂಡಿಡುತ್ತಿದ್ದಾರೆ. ಇಂಥ ಕೆಲಸ ನಡೆಯುತ್ತಿದೆ ಅಂದ ಮೇಲೆ ‘ನೀವು ಸರಿಯಾಗಿ ಮಾತಾಡಿ’ ಅಂತ ಗ್ರಾಹಕರಿಗೆ ಹೇಳುವ ಕಂಪನಿಗಳಿಗೆ ನೆಪ ಉಳಿಯುವುದಿಲ್ಲ.

ಪತ್ರ ಬರೆದ ಆ ಓದುಗರ ಒಂದು ಮಾತನ್ನು ನಾನೂ ಒಪ್ಪುತ್ತೇನೆ. ಕೆಲವು ವರದಿಗಾರರ ಮಾತು ನಿಜವಾಗಿಯೂ ತಿಳಿಯುವುದಿಲ್ಲ. ಆದರೆ ಅದು ಸೀಮೆಯ ತಪ್ಪಲ್ಲ, ಅವಸರದ ತಪ್ಪು. ಉಸಿರು ಬಿಡದೆ ಕಿರುಚುವುದು, ಒಂದೇ ವಾಕ್ಯವನ್ನು ತಿರುವಿ ತಿರುವಿ ಹೇಳುವುದು, ಪ್ರತಿ ಸಾಲಿನಲ್ಲೂ ‘ಅಂತ ಹೇಳಬಹುದು’ ಸೇರಿಸುವುದು. ಈ ರೋಗಕ್ಕೆ ಯಾವ ಊರೂ ಇಲ್ಲ, ಸ್ಟುಡಿಯೋದಲ್ಲಿ ಕೂತವರಿಗೂ ಇದೆ. ನಮಗೆ ಕೆಲಸ ಕಲಿಸಿದವರು ಹೇಳಿದ್ದು, ಮೆಲ್ಲಗೆ ಮಾತಾಡಿ, ನಂಬರನ್ನು ಬಿಡಿಸಿ ಹೇಳಿ, ಕೇಳಿದ್ದನ್ನು ಒಂದು ಸಲ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳಿ ಅಂತ. ಯಾವ ರಾಗದಲ್ಲೂ ಇದನ್ನು ಮಾಡಬಹುದು.

ರೇಡಿಯೊದವರಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅಲ್ಲಿಂದ ಬರುತ್ತಿದ್ದ ರೈತರ ಕಾರ್ಯಕ್ರಮಗಳಲ್ಲಿ ನಮ್ಮ ಅಪ್ಪ ಕೇಳುತ್ತಿದ್ದದ್ದು ನಮ್ಮ ಓಣಿಯ ಮಾತನ್ನೇ. ಬಿತ್ತನೆ, ಗೊಬ್ಬರ, ಹವಾಮಾನ, ಎಲ್ಲವೂ ‘ಏನಪಾ, ಹೊಲದ ಕಡೆ ಹೋಗಿದ್ದೇನು?’ ಅನ್ನುವ ಧಾಟಿಯಲ್ಲಿ. ನಮ್ಮ ಅಪ್ಪ ಅದನ್ನು ಕೇಳಿ ನಗುತ್ತಿರಲಿಲ್ಲ. ಬೀಜದ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು.

ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು ಅಂತ ನಮ್ಮ ಕಡೆಯವರಿಗೆ ಬಲು ಹೆಮ್ಮೆ. ಅಷ್ಟು ಉದ್ದಕ್ಕೂ ಒಂದು ಹುಬ್ಬಳ್ಳಿ ದನಿ ‘ಗಾಡಿ ಬರಾಕತ್ತೈತ್ರಿ, ಹಿಂದ ಸರೀರಿ’ ಅಂದರೆ ಎಷ್ಟು ಚೆನ್ನಾಗಿರುತ್ತದೆ ಅಂತ ಸುಮ್ನೆ ಯೋಚಿಸುತ್ತಿರುತ್ತೇನೆ. ಅದು ರೈಲ್ವೆಯವರ ಮಾತು, ಬಿಡಿ. ನಿಮ್ಮ ಕೈಯಲ್ಲಿರುವುದನ್ನು ಕೇಳುತ್ತೇನೆ.

ನಿಮ್ಮ ಪತ್ರಿಕೆ ಈಗ ಮೊಬೈಲಿನಲ್ಲಿ ಸುದ್ದಿ ಓದಿ ಕೇಳಿಸುತ್ತದೆ. ಕಣ್ಣು ಮಂಜಾದ ನನ್ನಂಥವರಿಗೆ ಅದು ದೊಡ್ಡ ಉಪಕಾರ. ಆದರೆ ಬೀದರ್‌ನ ಸುದ್ದಿ, ಕಾರವಾರದ ಸುದ್ದಿ, ಮಡಿಕೇರಿಯ ಸುದ್ದಿ ಎಲ್ಲವನ್ನೂ ಒಂದೇ ಹುಡುಗಿಯ ದನಿ ಓದುತ್ತದೆ. ದನಿ ಇಂಪಾಗಿದೆ, ತಕರಾರಿಲ್ಲ. ಊರಿಲ್ಲ, ಅಷ್ಟೇ. ನಿಮಗೆ ಎಲ್ಲ ಜಿಲ್ಲೆಗಳಲ್ಲೂ ವರದಿಗಾರರು ಇದ್ದಾರಲ್ಲ? ಆಯಾ ಜಿಲ್ಲೆಯ ಒಂದು ಸುದ್ದಿಯನ್ನು ಅವರೇ ತಮ್ಮ ಫೋನಿನಲ್ಲಿ ಓದಿ ಕಳಿಸಲಿ. ಬರೆದದ್ದು ನಿಮ್ಮ ಪತ್ರಿಕೆಯ ಭಾಷೆಯಲ್ಲೇ ಇರಲಿ, ‘ಐತಿ’, ‘ಉಂಟು’ ಅಂತ ಬದಲಿಸಿ ಬರೆಯುವುದೂ ಬೇಡ. ತಮ್ಮ ಮನೆಯಲ್ಲಿ ಓದುವ ಹಾಗೆ ಓದಿದರೆ ಸಾಕು, ರಾಗ ತಾನಾಗಿ ಬರುತ್ತದೆ. ‘ನಗಬೇಡಿ’, ‘ವಿಶೇಷ ಶೈಲಿ’ ಅಂತ ಮೇಲೆ ಹೆಸರು ಕೊಡಬೇಡಿ. ಅಪಘಾತ, ಬಜೆಟ್, ಚುನಾವಣೆ ಎಲ್ಲದಕ್ಕೂ ಹಾಗೇ ಓದಿಸಿ.

ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ, ಮಾರುಕಟ್ಟೆ ದರದಿಂದ ಮಾಡಿ. ಬ್ಯಾಡಗಿಯ ಮೆಣಸಿನಕಾಯಿ ದರವನ್ನು ಹಾವೇರಿಯವರು ಓದಲಿ, ಅಡಿಕೆ ದರವನ್ನು ಶಿರಸಿಯವರು ಓದಲಿ, ಮಲ್ಪೆಯ ಮೀನಿನ ದರವನ್ನು ಉಡುಪಿಯವರು ಓದಲಿ. ದರ ಕೇಳುವವರು ದನಿಗೆ ನಗುವುದಿಲ್ಲ. ಅವರಿಗೆ ಕ್ವಿಂಟಲಿಗೆ ಎಷ್ಟು ಅನ್ನುವುದು ಸರಿಯಾಗಿ ಕೇಳಿದರೆ ಸಾಕು.

ಪತ್ರ ಉದ್ದವಾಯಿತು. ಕತ್ತರಿಸುವುದಾದರೆ ಕಾಫಿ, ಚಕ್ಕುಲಿಯ ಸಂಗತಿ ತೆಗೆಯಿರಿ. ಶೆಟ್ಟರದು ಇರಲಿ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಟೆಲಿಫೋನ್ ಆಪರೇಟರ್
ಮೈಸೂರು